ಭೂತನಾಳದ ಗಿಡಗಳೂ ಗುತ್ತಿಗೆಯ ಕತ್ತರಿಯೂ

ವಿಜಾಪುರಕ್ಕೆ ಹೋದ ಪ್ರವಾಸಿಗನ ದಿನಚರಿ ಬಹುಮಟ್ಟಿಗೆ ಒಂದೇ ತೆರನಾದುದು. 1656ರಲ್ಲಿ ಮುಗಿದ ಗೋಲಗುಂಬಜವನ್ನೇರಿ ಒಂದು ಕೂಗು ಹಾಕುವುದು, ಆ ಕೂಗು ಮತ್ತೆ ಮತ್ತೆ ಮರುದನಿಗೊಳ್ಳುವುದನ್ನು ಕೇಳಿ ಮಕ್ಕಳೊಡನೆ ನಗುವುದು, ಇಬ್ರಾಹಿಂ ರೋಜಾದ ನೆರಳಿನಲ್ಲಿ ಬುತ್ತಿ ಬಿಚ್ಚುವುದು, ಸಂಜೆಯ ಗಾಡಿಗೆ ಮರಳುವುದು. 2014ರಲ್ಲಿ ಊರಿನ ಹೆಸರು ವಿಜಯಪುರವೆಂದಾದರೂ ಈ ಕ್ರಮ ಬದಲಾಗಲಿಲ್ಲ. ಊರಿನ ಸೆರಗಿನಲ್ಲಿರುವ ಭೂತನಾಳದ ಕಡೆಗೆ ಹೊರಳುವವರು ವಿರಳ.

ಇದು ನೀರನ್ನು ದೇವರಂತೆ ಕಾಯ್ದುಕೊಂಡು ಬಂದ ಸೀಮೆ. ಆದಿಲಶಾಹಿ ಅರಸರು ತೊರವಿಯಿಂದಲೂ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದಲೂ ನೆಲದೊಳಗಿನ ಕಾಲುವೆಗಳಲ್ಲಿ ನೀರು ತಂದರು. ಆ ನೀರಿನ ಒತ್ತಡ ತಗ್ಗಿಸಲು ನಿಲ್ಲಿಸಿದ ಗಂಜುಗಳು ಇಂದಿಗೂ ಬೀದಿಗಳ ನಡುವೆ ನಿಂತಿವೆ. ಭೂತನಾಳದ ಕೆರೆ ಬಹಳ ಈಚಿನದು, ಬ್ರಿಟಿಷರ ಆಡಳಿತದಲ್ಲಿ ನಗರದ ಬಾಯಾರಿಕೆಗೆಂದು ಆದುದು. ಮುಂದೆ ಕೃಷ್ಣೆಯ ನೀರು ಕೊಲ್ಹಾರದಿಂದ ಊರಿಗೆ ಬಂದಿತು. ಕೆರೆಯೂ ಅದರ ಒಡ್ಡೂ ಸಂಜೆಯ ಗಾಳಿಯೂ ಉಳಿದುಕೊಂಡವು.

ನೀರಿದ್ದರೂ ನೆರಳಿರಲಿಲ್ಲ. ಜಿಲ್ಲೆಯ ನೆಲದಲ್ಲಿ ಕಾಡಿನ ಪಾಲು ನೂರಕ್ಕೆ 0.17 ಮಾತ್ರವೆಂಬ ಮಾತು ಬಹುಕಾಲ ಎಲ್ಲರ ಬಾಯಲ್ಲಿತ್ತು. ಕಳೆದ ದಶಕದಲ್ಲಿ ಹೊರಟ ಕೋಟಿ ವೃಕ್ಷ ಅಭಿಯಾನವು ಆ ಅಂಕಿಯನ್ನು ಅಳಿಸಹೊರಟಿತು. ಭೂತನಾಳದ ಸುತ್ತಲಿನ ಬೋಳುನೆಲದಲ್ಲಿ ಸಸಿಗಳು ಸಾಲುಗಟ್ಟಿದವು. ಇಂದು ಅಲ್ಲಿ ಅಡ್ಡಾಡುವವನು ಸಸಿ ನೆಟ್ಟ ದೊಡ್ಡವರ ಹೆಸರುಗಳನ್ನು ಕೇಳಿಯಾನು. ಕುಣಿ ತೋಡಿದವನ, ಬೇಸಗೆಯಲ್ಲಿ ಟ್ಯಾಂಕರಿನ ಹಿಂದೆ ಕೊಳವೆ ಹಿಡಿದು ನಡೆದವನ, ಆಸರೆಗೋಲು ಕಟ್ಟಿದವನ ಹೆಸರನ್ನು ಯಾರು ಹೇಳುತ್ತಾರೆ? ಇಂತಹ ಕೆಲಸ ಎಲ್ಲೆಡೆಯಂತೆ ದೊಡ್ಡ ಗುತ್ತಿಗೆದಾರನಿಂದ ಚಿಕ್ಕವನಿಗೆ, ಅವನಿಂದ ಇನ್ನೂ ಚಿಕ್ಕವನಿಗೆ ಇಳಿಯುತ್ತ ಬರುವುದುಂಟು. ಕೊನೆಯ ಮೆಟ್ಟಿಲಲ್ಲಿ ನಿಂತವನಿಗೆ ಕಾಗದವಿಲ್ಲ, ಬಾಯಿಮಾತಿದೆ. ಮೇಲಿನವನ ಬಿಲ್ಲು ಪಾಸಾದರೆ ಇವನ ಹಣ. ಆಗದಿದ್ದರೆ 'ಬರುವ ವಾರ ನೋಡೋಣ'.

ಇಂತಹ ಬಿಡಿ ಗುತ್ತಿಗೆಯವನ ವರ್ಷ ಊರಿನಲ್ಲಿಯೇ ಕಳೆಯದು. ಪಶ್ಚಿಮಕ್ಕೆ ತಿಕೋಟಾ, ನೈಋತ್ಯಕ್ಕೆ ಬಬಲೇಶ್ವರ. ಎರಡೂ ದ್ರಾಕ್ಷಿಯ ಸೀಮೆ. ಏತ ನೀರಾವರಿಯ ನೀರು ಬಂದ ಮೇಲೆ ತಂತಿಯ ಚಪ್ಪರಗಳು ಇನ್ನಷ್ಟು ಹಬ್ಬಿದವು. ಬಳ್ಳಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಬೀಳಬೇಕು. ಇದಕ್ಕೆ ಅಲ್ಲಿಯವರ ಮಾತು ಚಾಟ್ನಿ. ಏಪ್ರಿಲದಲ್ಲಿ ಕಡ್ಡಿಯನ್ನು ಒಂದೆರಡು ಕಣ್ಣು ಉಳಿಸಿ ಮೊಟಕುಗೊಳಿಸಿದರೆ ಹೊಸ ಕಡ್ಡಿ ಹೊರಡುತ್ತದೆ. ಮುಂದಿನ ಎರಡು ತಿಂಗಳೊಳಗೆ ಆ ಕಡ್ಡಿಯ ಕಣ್ಣುಗಳಲ್ಲಿ ಹಣ್ಣಿನ ಗೊನೆ ಗುಟ್ಟಾಗಿ ರೂಪುಗೊಳ್ಳುತ್ತದೆ. ಅಕ್ಟೋಬರದಲ್ಲಿ ಫಲವಿರುವ ಕಣ್ಣನ್ನು ಅರಿತು ಅದರ ಮೇಲೆ ಕತ್ತರಿ ಇಡಬೇಕು. ಒಂದು ಕಣ್ಣು ಕೆಳಗೆ ಕತ್ತರಿಸಿದರೆ ಎಲೆ ಬಂದೀತು, ಗೊನೆ ಬಾರದು. ಈ ಜಾಣ್ಮೆ ಬೆರಳಿನಲ್ಲಿರುವುದು. ಆದರೆ ಕೂಲಿಯು ಎಕರೆಯ ಲೆಕ್ಕಕ್ಕೊ ಬಳ್ಳಿಯ ಲೆಕ್ಕಕ್ಕೊ ಮಾತಾಗಿರುವುದರಿಂದ ಆತನ ಹೊಟ್ಟೆ ಬೆರಳನ್ನು ಅವಸರಪಡಿಸುತ್ತದೆ. ತಪ್ಪು ಕಣ್ಣಿಗೆ ಬೀಳುವ ಹೊತ್ತಿಗೆ ತಂಡವು ಬೇರೆ ತೋಟದಲ್ಲಿರುತ್ತದೆ. ಹಿಂಬಾಕಿ ಹಿಡಿದಿಟ್ಟ ತೋಟದವನನ್ನೂ ಪೂರ್ತಿ ದೂರುವಂತಿಲ್ಲ. ಅವನ ವರ್ಷವೆಲ್ಲ ಆ ಕಣ್ಣಿನಲ್ಲಿತ್ತು.

ಎರಡು ಚಾಟ್ನಿಗಳ ನಡುವಣ ತಿಂಗಳುಗಳಲ್ಲಿ ಊರಿನ ಕೆಲಸವುಂಟು. ಬೇವಿನ ಟೊಂಗೆ ವಿದ್ಯುತ್ತಿನ ತಂತಿಗೆ ತಾಗಿತು, ಹೊಂಗೆ ಮಾಳಿಗೆಯ ಮೇಲೆ ಬಾಗಿತು ಎಂದರೆ ಕೊಡಲಿಯವನಿಗೆ ಕರೆ. ಬಿಜಾಪುರದ ಮಾತಿನಲ್ಲಿ ಎಷ್ಟು ದೊಡ್ಡ ಮರವಾದರೂ 'ಗಿಡ'ವೇ.

'ಇಷ್ಟು ತೆಗದ್ರ ಸಾಕ್ರಿ ಸಾವ್ಕಾರ್ರ. ಪೂರಾ ಬೋಳಿಸಿದ್ರ ಗಿಡಾ ಉಳ್ಯಾಂಗಿಲ್ರಿ.'

'ನೀನು ಬೋಳಿಸಪಾ. ವರ್ಷಾ ವರ್ಷಾ ಯಾರು ಕರೀತಾರ ನಿನ್ನ?'

ಯಾವ ಅಂಗಳದಲ್ಲಿಯಾದರೂ ಕೇಳಬಹುದಾದ ಮಾತುಗಳಿವು. ಇದರ ಕೆಳಗೊಂದು ಸೂಕ್ಷ್ಮವಿದೆ. ಕೆಲವೆಡೆ ಕೂಲಿಯ ಬದಲು ಕಡಿದ ಕಟ್ಟಿಗೆಯನ್ನೇ ಒಯ್ಯೆಂದು ಹೇಳುವ ರೂಢಿಯಿದೆ. ಮನೆಯವರಿಗೆ ಅದು ಉಳಿತಾಯವೆಂದು ತೋರುತ್ತದೆ. ಆದರೆ ಚೆನ್ನಾಗಿ ಸವರುವವನ ಕೈಯಲ್ಲಿ ಬೀಳುವುದು ನಾಲ್ಕು ತೆಳು ಟೊಂಗೆ. ಗಿಡವನ್ನು ಕೆಡಿಸುವವನಿಗೆ ಗಾಡಿಯ ತುಂಬ ಕಟ್ಟಿಗೆ. ಹೀಗೆ ಗಿಡ ಬಾಳಿದಷ್ಟೂ ಇವನ ಒಲೆ ಆರುವಂತಹ ಕರಾರಿಗೆ ತಲೆಬಾಗಿ, ಆಮೇಲೆ ನೆರಳು ಹೋಯಿತೆಂದು ಹಲುಬುವುದು ಯಾವ ನ್ಯಾಯ?

ಟೊಂಗೆ ಕಡಿಯುವುದರಲ್ಲಿಯೂ ಒಂದು ಶಾಸ್ತ್ರವಿದೆ. ದಪ್ಪ ಟೊಂಗೆಗೆ ಮೊದಲು ಕೆಳಗಿನಿಂದ ಅರೆಗಾಯ, ಅದಕ್ಕಿಂತ ತುಸು ಆಚೆ ಮೇಲಿನಿಂದ ಎರಡನೆಯದು. ಹೀಗೆ ಮಾಡಿದರೆ ಟೊಂಗೆ ಬೀಳುವಾಗ ಕಾಂಡದ ತೊಗಟೆಯನ್ನು ಸುಲಿದುಕೊಂಡು ಹೋಗುವುದಿಲ್ಲ. ಕೊನೆಗೆ, ಬುಡದಲ್ಲಿ ಉಬ್ಬಿದ ಉಂಗುರವನ್ನು ಉಳಿಸಿ, ಅದರ ಹೊರಗೆ ಮೂರನೆಯದು. ಗಾಯವನ್ನು ಮುಚ್ಚುವ ಶಕ್ತಿ ಆ ಉಂಗುರದ್ದೇ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೋ (1930–2006) ಸಾವಿರಾರು ಮರಗಳನ್ನು ಸೀಳಿ ನೋಡಿ, ಮರವು ಗಾಯದ ಸುತ್ತ ತಾನೇ ಗೋಡೆ ಕಟ್ಟಿಕೊಳ್ಳುತ್ತದೆಯೆಂದೂ, ಮೇಲೆ ಬಳಿಯುವ ಡಾಂಬರು ಮೊದಲಾದವುಗಳಿಂದ ಕೊಳೆ ನಿಲ್ಲದೆಂದೂ ಕಂಡುಕೊಂಡನು. ನಮ್ಮವರ ಡಾಂಬರಿನ ಡಬ್ಬಿ ಮಾತ್ರ ಇನ್ನೂ ಖಾಲಿಯಾಗಿಲ್ಲ.

ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಪಡೆದ ಕೆಲವು ಜಾತಿಗಳ ಹೊರತು, ಮರ ಕಡಿಯಲು ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಮರದ ಮೇಲಿರುವ ಮನುಷ್ಯನ ಗತಿ ಇಷ್ಟು ಸ್ಪಷ್ಟವಲ್ಲ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯು 20 ಜನರಿಗೆ ಕಡಿಮೆಯಿಲ್ಲದ ಕಡೆಗೆ ಅನ್ವಯಿಸುವಂತಹುದಾಗಿತ್ತು. 2020ರ ಸಂಹಿತೆ ಆ ಮಿತಿಯನ್ನು 50ಕ್ಕೆ ಏರಿಸಿತು. ಮೂರು ಜನರ ತಂಡ ಯಾವ ಲೆಕ್ಕಕ್ಕೆ? ಒಬ್ಬ ಮೇಲೆ, ಒಬ್ಬ ಹಗ್ಗಕ್ಕೆ, ಒಬ್ಬ ಕೆಳಗೆ ದಾರಿ ಕಾಯಲಿಕ್ಕೆ. ಹಗ್ಗ ಹಿಡಿದವನು ಅಣ್ಣನೋ ಭಾವನೋ ಆಗಿರುವುದೇ ಎಷ್ಟೋ ಸಲ ಇವರ ವಿಮೆ.

ಭೂತನಾಳದ ಒಡ್ಡಿನ ಮೇಲೆ ಹೊತ್ತು ಇಳಿಯುವಾಗ ನಿಂತರೆ ಒಂದು ಕಡೆ ನೀರು, ಇನ್ನೊಂದು ಕಡೆ ಎಳೆಯ ಗಿಡಗಳ ಸಾಲು. ಅಲ್ಲಲ್ಲಿ ಕೆಳಟೊಂಗೆ ಸವರಿದ ಗುರುತುಗಳು ಕಾಣುತ್ತವೆ. ಕೆಲವು ಗಾಯಗಳ ಸುತ್ತ ತೊಗಟೆ ಬಳೆಯಂತೆ ಉಬ್ಬಿ ಒಳಮುಖವಾಗಿ ಕೂಡಿಕೊಳ್ಳುತ್ತಿದೆ. ಅಲ್ಲಿ ಕತ್ತರಿ ಹಿಡಿದವನು ಉಂಗುರವನ್ನು ಬಿಟ್ಟು ಕತ್ತರಿಸಿದ್ದನು.