ಅರ್ಧ ಸುತ್ತಿನ ಸುಳಿ

ಬೆಂಗಳೂರು

ಪ್ರೀತಿಯ ತಮ್ಮಯ್ಯ,

"ಬಿ.ಎಸ್ಸಿ. ಮುಗೀತಲ್ಲ, ಫಿಸಿಕ್ಸ್ ಸಾಕು. ಥಿಯರಿ ನನ್ನ ತಲೆಗೆ ಹತ್ತಲ್ಲ, ಮೋಟಾರ್ ರಿಪೇರಿ ಅಂಗಡಿ ಇಡ್ತೀನಿ" ಅಂದೆಯಂತೆ. ಅವ್ವ ಹೇಳಿದಳು. ಅಂಗಡಿ ಇಡೋದರಲ್ಲಿ ತಪ್ಪೇನಿಲ್ಲ ಕಣೋ. ನೀನು ಕೊಟ್ಟ ಕಾರಣ ಮಾತ್ರ ನನಗೆ ಒಪ್ಪಿಗೆಯಿಲ್ಲ.

ಯಾಕೆ ಅನ್ನೋದಕ್ಕೆ ಹೀಲಿಯಂ-3 ಅನ್ನೋ ಹಗುರ ಐಸೋಟೋಪಿನ ಕಥೆ ಕೇಳು. ಮಾಮೂಲಿ ಹೀಲಿಯಂ 2.17 ಕೆಲ್ವಿನ್‌ಗಿಂತ ತಣ್ಣಗಾದರೆ ಸೂಪರ್‌ಫ್ಲೂಯಿಡ್ ಆಗುತ್ತದೆ, ಒಂಚೂರೂ ತಡೆಯಿಲ್ಲದೆ ಹರಿಯುತ್ತದೆ. ಹೀಲಿಯಂ-3ಕ್ಕೆ ಅಷ್ಟು ಚಳಿ ಏನೇನೂ ಸಾಲದು. ಒಂದು ಡಿಗ್ರಿಯನ್ನು ಸಾವಿರ ಪಾಲು ಮಾಡಿ, ಅದರಲ್ಲಿ ಮೂರು ಪಾಲಿಗಿಂತ ಕೆಳಗಿಳಿಸಬೇಕು. ಅಲ್ಲಿ ಪರಮಾಣುಗಳು ಜೋಡಿಯಾಗುತ್ತವೆ. 1972ರಲ್ಲಿ ಕಾರ್ನೆಲ್‌ನಲ್ಲಿ ಲೀ, ರಿಚರ್ಡ್‌ಸನ್, ಆಗಿನ್ನೂ ವಿದ್ಯಾರ್ಥಿಯಾಗಿದ್ದ ಓಷೆರಾಫ್ ಇದನ್ನು ಕಂಡರು. ಅವರು ಹುಡುಕುತ್ತಿದ್ದದ್ದು ಬೇರೇನನ್ನೋ. ಮೊದಲು ಘನ ಹೀಲಿಯಂನಲ್ಲೇ ಏನೋ ಆಗಿದೆ ಅಂದುಕೊಂಡು ಹಾಗೆಯೇ ಪ್ರಕಟಿಸಿಯೂ ಬಿಟ್ಟಿದ್ದರು! ಥಿಯರಿಯವರಾದ ಲೆಗೆಟ್ ಲೆಕ್ಕ ಬಿಡಿಸಿದರು. 1996ರಲ್ಲಿ ಆ ಮೂವರಿಗೆ, 2003ರಲ್ಲಿ ಲೆಗೆಟ್‌ಗೆ ನೊಬೆಲ್ ಬಂತು.

ಇಂಥ ಸೂಪರ್‌ಫ್ಲೂಯಿಡ್‌ಗೂ ಟೋಪಾಲಜಿ ಅನ್ನೋ ಗಣಿತಕ್ಕೂ ಏನು ನಂಟು? ನಮ್ಮೂರ ನಾಗೇಶ್ವರ, ಚೆನ್ನಕೇಶವ ಗುಡಿಗಳನ್ನು ನೆನೆಸಿಕೋ. ಒಂದೇ ಅಚ್ಚಿನವು, ಅಕ್ಕಪಕ್ಕ, ನಡುವೆ ಒಂದಿಷ್ಟು ಅಡಿ ಜಾಗ. ನಾಗೇಶ್ವರನಿಗೆ ಪ್ರದಕ್ಷಿಣೆ ಹಾಕುವಾಗ ಗೋಡೆಗೆ ಅಂಟಿಕೊಂಡು ಹೋಗು, ಇಲ್ಲಾ ಎರಡೂ ಗುಡಿಗೆ ಸೇರಿಸಿ ಬಳಸಿಕೊಂಡು ಬಾ. ಹೊರಟ ಜಾಗಕ್ಕೆ ವಾಪಸು ಬಂದರೆ ಒಂದು ಸುತ್ತು. ದಾರಿ ಎಷ್ಟೇ ಸೊಟ್ಟಗಿರಲಿ, ಎಣಿಕೆ ಒಂದೋ ಎರಡೋ, ಒಂದೂವರೆ ಆಗಲ್ಲ. ಎಳೆದರೂ ಬಗ್ಗಿಸಿದರೂ ಕೆಡದ ಇಂಥ ಎಣಿಕೆಗಳದೇ ಟೋಪಾಲಜಿ. ಸೂಪರ್‌ಫ್ಲೂಯಿಡ್ ಇರುವ ಪಾತ್ರೆಯನ್ನು ತಿರುಗಿಸಿದರೆ ಒಳಗೆ ದಾರದಂಥ ಸುಳಿಗಳು ಏಳುತ್ತವೆ. ಒಂದೊಂದು ಸುಳಿಗೂ ಇದೇ ಪೂರ್ಣ ಸುತ್ತಿನ ಲೆಕ್ಕ.

ಆದರೆ 1976ರಲ್ಲಿ ವೊಲೊವಿಕ್ ಮತ್ತು ಮಿನೀವ್ ಅನ್ನೋ ಇಬ್ಬರು ಥಿಯರಿಯವರು, ಹೀಲಿಯಂ-3ರಲ್ಲಿ ಅರ್ಧ ಸುತ್ತಿನ ಸುಳಿಯೂ ಇರಬಹುದು ಅಂದರು. ಪರಮಾಣು ಜೋಡಿಯ ಕ್ವಾಂಟಂ ಅಲೆಯ ಫೇಸ್ ಅರ್ಧ ಸುತ್ತುತ್ತದೆ, ಅದರ ಸ್ಪಿನ್ ದಿಕ್ಕು ಉಳಿದರ್ಧ ತಿರುಗಿ ಲೆಕ್ಕ ಚುಕ್ತಾ ಮಾಡುತ್ತದೆ. ಕಾಗದದ ಮೇಲೆ ಚೆಂದ. ಕಣ್ಣಿಗೆ ಬಿದ್ದದ್ದು 2016ರಲ್ಲಿ, ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ. ನಲವತ್ತು ವರ್ಷ! ಅಲ್ಯೂಮಿನಿಯಂ ಆಕ್ಸೈಡಿನ ಅತಿಸಣ್ಣ ಎಳೆಗಳನ್ನು ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ ಜೋಡಿಸಿದ ಏರೋಜೆಲ್ ಸಿಕ್ಕಿ, ಅದರೊಳಗೆ ಹೀಲಿಯಂ-3 ತುಂಬುವವರೆಗೆ ಆ ಸಮೀಕರಣ ಸುಮ್ಮನೆ ಕೂತಿತ್ತು. ವೊಲೊವಿಕ್‌ಗೆ ಬೇಕಿದ್ದದ್ದು ಇನ್ನೊಂದು ಸಮೀಕರಣ ಅಲ್ಲ, ಕೈಕೆಲಸ ಬಲ್ಲವರು.

ನಮ್ಮ ಲ್ಯಾಬಿನಲ್ಲಿರೋದು ಮಾಮೂಲಿ ಹೀಲಿಯಂ. ಆದರೂ ಪಾಡು ಅದೇ. ಅದರ ಪಾತ್ರೆಯ ಹಿತ್ತಾಳೆ ಮುಚ್ಚಳದ ಕೆಳಗೆ ಸೀಲ್ ಆಗಿ ಇಂಡಿಯಂ ತಂತಿ ಹಾಸಬೇಕು. ಉಗುರಿಗೆ ಸಿಕ್ಕಿದರೂ ಗುರುತು ಬೀಳುವಷ್ಟು ಮೆದು ಅದು. ತುದಿಗಳನ್ನು ಒಂದರ ಮೇಲೊಂದು ದಾಟಿಸಿ, ಬೋಲ್ಟುಗಳನ್ನು ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬರಬೇಕು. ಆಮೇಲೆ ಒಂದಷ್ಟು ಹೊತ್ತು ಬಿಟ್ಟು ಮತ್ತೆ ಬಿಗಿ. ಸುತ್ತ ಹೀಲಿಯಂ ಗ್ಯಾಸ್ ಊದಿ ಲೀಕ್ ನೋಡಿ, ಏನೂ ಇಲ್ಲ ಅಂತ ತಣ್ಣಗೆ ಮಾಡಿದರೆ, ಸೂಪರ್‌ಫ್ಲೂಯಿಡ್ ಬೇರಾವುದೂ ನುಸುಳದ ಸಂದಿಯಲ್ಲಿ ನುಸುಳಿರುತ್ತದೆ. ಮತ್ತೆ ಎಲ್ಲ ಬಿಸಿ ಮಾಡು, ಬಿಚ್ಚು. ಪುಸ್ತಕ ಅರೆದು ಕುಡಿದವರು ಇಲ್ಲಿ ಅಳುತ್ತಾರೆ. ಸಬ್‌ಮರ್ಸಿಬಲ್ ಪಂಪಿನ ಸೀಲ್ ಹಾಕಿ, ಬೆರಳಲ್ಲೇ ಮುಟ್ಟಿ "ಕೂತಿಲ್ಲ" ಅನ್ನುತ್ತೀಯಲ್ಲ, ಅದು ನನಗೆ ಇನ್ನೂ ಬಂದಿಲ್ಲ.

ಇದೆಲ್ಲ ಫಾರಿನ್‌ನಲ್ಲೇ ಆಗೋ ಕೆಲಸ ಅಂತಲೂ ತಿಳಿಯಬೇಡ. 1868ರ ಗ್ರಹಣದಲ್ಲಿ ಗುಂಟೂರಿನಿಂದ ಜಾನ್ಸೆನ್, ನಮ್ಮ ಜಮಖಂಡಿಯಿಂದ ಜಾನ್ ಹರ್ಷೆಲ್ ಸೂರ್ಯನ ಅಂಚಿನ ಹೊಳೆವ ಗೆರೆಗಳನ್ನು ನೋಡಿದ್ದರು. ಹೀಲಿಯಂನ ಸುಳಿವು ಸಿಕ್ಕ ಕಾಲ ಅದು. ಮುಂಬೈನ ಟಿಐಎಫ್‌ಆರ್‌ನವರು 2016ರಲ್ಲಿ ಬಿಸ್ಮತ್ 0.53 ಮಿಲಿಕೆಲ್ವಿನ್ ಕೆಳಗೆ ಸೂಪರ್‌ಕಂಡಕ್ಟರ್ ಆಗುತ್ತದೆ ಅಂತ ತೋರಿಸಿದರು. ಇಲ್ಲೇ ಐಐಎಸ್‌ಸಿಯಲ್ಲಿ ಅಂಬರೀಶ್ ಘೋಷ್ ಅವರ ತಂಡ ದ್ರವ ಹೀಲಿಯಂನೊಳಗಿನ ಎಲೆಕ್ಟ್ರಾನ್ ಗುಳ್ಳೆಗಳ ಬೆನ್ನು ಹತ್ತಿದೆ.

ಎಂ.ಎಸ್ಸಿ. ಪ್ರವೇಶದ ಜಾಮ್ ಪರೀಕ್ಷೆಗೆ ಅರ್ಜಿ ಹಾಕು. ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ಅದೇ ದಾರಿ. ಥಿಯರಿ ನಾನು ಹೇಳಿಕೊಡುತ್ತೇನೆ, ಸೀಲ್ ಹಾಕೋದು ನೀನು ನನಗೆ ಹೇಳಿಕೊಡು. ಸಿಗದಿದ್ದರೆ ಅಂಗಡಿ ಇದ್ದೇ ಇದೆ. ಅಡ್ವಾನ್ಸ್ ಮಾತ್ರ ಈಗಲೇ ಕೊಡಬೇಡ.

ನಿನ್ನ ಅಕ್ಕ