ದೇವನಹಳ್ಳಿಯಿಂದ ಬಜ್ಪೆಗೆ

ಬಲಗಡೆಯ ಕಿಟಕಿ ಸಿಕ್ಕಿದೆ, ಅದೃಷ್ಟ! ಎಟಿಆರ್ ವಿಮಾನದ ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಕೆಳಗಿನದೆಲ್ಲ ಬಿಚ್ಚಿಟ್ಟಂತೆ ಕಾಣುತ್ತದೆ. ರನ್‌ವೇ ಬಿಟ್ಟು ಏರುತ್ತಿದ್ದ ಹಾಗೆ ನಂದಿ ಬೆಟ್ಟದ ಬಂಡೆಬೆನ್ನು ಬಿಸಿಲಿಗೆ ಮಿರುಗುತ್ತದೆ. ಹಿಂದೆ ಉಳಿದದ್ದು ದೇವನಹಳ್ಳಿ, ಟಿಪ್ಪು ಹುಟ್ಟಿದ ಊರು.

ಮಂಗಳೂರಿಗೆ ಆಕಾಶದ ದಾರಿ ಸುಮಾರು 300 ಕಿ.ಮೀ., ರಸ್ತೆಯಲ್ಲಾದರೆ 350. ಟಿಕೆಟಿನಲ್ಲಿ ಒಂದು ಗಂಟೆ ಚಿಲ್ಲರೆ ಎಂದು ಬರೆದಿದ್ದರೂ ಗಾಳಿಯಲ್ಲಿರುವುದು ಐವತ್ತು ನಿಮಿಷದ ಆಸುಪಾಸು. ಬೆಂಗಳೂರಿನ ಜಯನಗರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಮುಟ್ಟಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಗೋಳು ಇಲ್ಲಿ ಬೇಡ.

ದೇವರಾಯನದುರ್ಗದ ಗುಡ್ಡಸಾಲು ದಾಟಿತು. ತುಮಕೂರು ಸೀಮೆಯ ಕೆರೆಗಳು ಒಂದಾದ ಮೇಲೊಂದು ಫಳ್ಳನೆ ಹೊಳೆದು ಆರುತ್ತವೆ. ಅಕ್ಟೋಬರಿನ ರಾಗಿ ಹೊಲಗಳ ಹಸಿರು ಹಳದಿಗೆ ತಿರುಗುತ್ತಿದೆ. ನಡುನಡುವೆ ತಿಪಟೂರಿನ ಕಡೆಯ ತೆಂಗಿನ ತೋಟಗಳ ಕಡುಹಸಿರು ಚೌಕಗಳು. ಬೇಲೂರಿನ ಬಳಿ ಯಗಚಿಯ ಹಿನ್ನೀರು ಕಂಡದ್ದೇ ತಡ, ನೆಲ ಮಡಿಕೆ ಮಡಿಕೆಯಾಗಿ ಏಳತೊಡಗುತ್ತದೆ. ಕಾಫಿ ತೋಟ, ಮತ್ತೆ ಶೋಲಾ ಕಾಡು, ಮತ್ತೆ ಬರೀ ಮೋಡ.

"ಇದು ಶಿರಾಡಿಯಾ, ಚಾರ್ಮಾಡಿಯಾ?" ಪಕ್ಕದ ಸೀಟಿನ ಹಿರಿಯರನ್ನು ಕೇಳುತ್ತೇನೆ.

"ಚಾರ್ಮಾಡಿ ಮಾರಾಯ್ರೆ. ಬಸ್ಸಲ್ಲಾದ್ರೆ ಈಗ ಅರ್ಧ ಜನ ವಾಂತಿ ಮಾಡ್ತಾ ಇದ್ರು!"

ಬಸ್ಸು ಏದುಸಿರು ಬಿಡುತ್ತ ಸುತ್ತುವ ಘಾಟಿ ನಾಲ್ಕೈದು ನಿಮಿಷದಲ್ಲಿ ಮುಗಿದೇಹೋಯಿತು. ಇಷ್ಟು ಬೇಗ ಮುಗಿಯಬಾರದಿತ್ತು. ಮೋಡ ಹರಿದಲ್ಲಿ, ದೂರದಲ್ಲಿ, 1,894 ಮೀಟರಿನ ಕುದುರೆಮುಖದ ಹುಲ್ಲುನೆತ್ತಿ. ಅದರ ಬುಡದ ಕಡೆಗೆ, ಕಾಡಿನಿಂದ ಒಂಟಿಯಾಗಿ ಎದ್ದು ನಿಂತ ಕರಿಬಂಡೆ.

"ಗಡಾಯಿಕಲ್ಲು," ಹಿರಿಯರು ನನ್ನ ಮೇಲೆ ಬಾಗಿ ತೋರಿಸುತ್ತಾರೆ. 1794ರಲ್ಲಿ ಟಿಪ್ಪು ಕೋಟೆ ಕಟ್ಟಿಸಿ, ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟನೆಂದು ಹೇಳುವ ಬಂಡೆ ಅದೇ. ಮಗ ಹುಟ್ಟಿದ ಊರಿನಿಂದ ತಾಯಿಯ ಹೆಸರಿನ ಕೋಟೆಯ ನೆತ್ತಿಗೆ, ಒಂದು ಲೋಟ ಕಾಫಿ ತಣ್ಣಗಾಗುವಷ್ಟರಲ್ಲಿ ಬಂದಿದ್ದೇವೆ. ಅವನ ಸೈನ್ಯ ಈ ಘಟ್ಟ ಇಳಿಯಲು ಎಷ್ಟು ದಿನ ತಿಣುಕಿತ್ತೋ!

ಇನ್ನು ಅಡಿಕೆ ತೋಟಗಳು, ಕೆಂಪು ಮುರಕಲ್ಲಿನ ಗುಡ್ಡಗಳು, ಹೆಂಚಿನ ಮಾಡುಗಳು. ವಿಮಾನ ಕಡಲಿನ ಮೇಲೆ ಹೋಗಿ ದೊಡ್ಡದಾಗಿ ತಿರುಗುತ್ತದೆ. ಪಣಂಬೂರಿನ ಬಂದರಿನಲ್ಲಿ ಹಡಗುಗಳು, ದಡದುದ್ದ ನೊರೆಯ ಬಿಳಿ ಗೆರೆ. ಎದುರಿಗೆ ಗುಡ್ಡದ ನೆತ್ತಿ ಕಡಿದು ಮಟ್ಟ ಮಾಡಿದ ರನ್‌ವೇ, ಆಚೀಚೆ ಕಣಿವೆ. ಹಿರಿಯರು ಮಾತು ನಿಲ್ಲಿಸಿ ಕಣ್ಣು ಮುಚ್ಚುತ್ತಾರೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಇಲ್ಲೇ ರನ್‌ವೇ ಮೀರಿ ಕಣಿವೆಗೆ ಬಿದ್ದು 158 ಜನ ಸತ್ತದ್ದನ್ನು ಈ ಕರಾವಳಿಯಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ.

ಚಕ್ರ ನೆಲಕ್ಕೆ ತಾಗಿತು. 1951ರಲ್ಲಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಉದ್ಘಾಟಿಸಿದ್ದು ಇದೇ ಬಜ್ಪೆಯ ನಿಲ್ದಾಣವನ್ನು. ಮೆಟ್ಟಿಲಿಳಿದರೆ ಹಸಿ ಸೆಕೆ ಮೈಗೆ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಹಾಕಿದ ಸ್ವೆಟರು ಈಗ ಕೈಯಲ್ಲಿ. ಹಿರಿಯರು ಆಗಲೇ ಫೋನಿನಲ್ಲಿ ತುಳುವಿಗೆ ತಿರುಗಿ, ಮಧ್ಯಾಹ್ನಕ್ಕೆ ಬಂಗುಡೆ ಸಿಕ್ಕಿತೇ ಎಂದು ವಿಚಾರಿಸುತ್ತಿದ್ದಾರೆ.