ಕಾಗದದ ಮೇಲಿನ ಕಾಳಗ

ನಡೆದ ಯುದ್ಧಗಳಿಗಿಂತ ನಡೆಯದ ಯುದ್ಧಗಳ ವಿಷಯದಲ್ಲಿಯೇ ಜನ ಹೆಚ್ಚು ಜಗಳವಾಡುತ್ತಾರೆಂದು ನನಗೆ ಅನುಮಾನ. ಕರ್ಣನ ರಥದ ಗಾಲಿ ಹೂತುಹೋಗದಿದ್ದರೆ ಏನಾಗುತ್ತಿತ್ತೆಂಬ ವಾದವನ್ನು ತಾಳಮದ್ದಳೆಯಲ್ಲಿ ಬೆಳಗಿನ ಜಾವದವರೆಗೂ ಕೇಳಿದವನು ನಾನು. ಈ ವಿದ್ಯೆಯಲ್ಲಿ ಅರ್ಥಧಾರಿಗಳಿಗೆ ಸರಿಸಾಟಿಯಾಗಿ ನಿಲ್ಲಬಲ್ಲ ಇನ್ನೊಂದು ಪಂಗಡ ಉಂಟು: ಹಳೆಯ ಯುದ್ಧನೌಕೆಗಳ ಹುಚ್ಚು ಹಿಡಿದವರದು. ಅಂಥವರು ದೇಶದೇಶಗಳಲ್ಲಿದ್ದಾರೆ, ಇಬ್ಬರು ನನ್ನ ಗೆಳೆಯರೇ ಆಗಿದ್ದಾರೆ. ಒಬ್ಬರು ವಿಮಾ ಕಚೇರಿಯಿಂದ ನಿವೃತ್ತರಾದವರು, ಇನ್ನೊಬ್ಬರು ಗಣಿತದ ಮೇಷ್ಟ್ರು. ಮೂರನೆಯವನಾದ ನಾನು ನ್ಯಾಯಾಧೀಶ, ಎಂದರೆ ಇಬ್ಬರಿಂದಲೂ ಬೈಸಿಕೊಳ್ಳುವವನು. ದೋಣಿಯಲ್ಲಿ ಕುಳಿತು ಹೊಳೆ ದಾಟಿದ್ದಕ್ಕಿಂತ ಹೆಚ್ಚಿನ ನೌಕಾನುಭವ ನಮ್ಮ ಮೂವರಲ್ಲಿ ಯಾರಿಗೂ ಇಲ್ಲ.

ಪ್ರಶ್ನೆ ಹಳೆಯದು. ಜಪಾನಿನ ಯಮಾಟೊ, ಅಮೆರಿಕದ ಅಯೋವಾ, ಇವೆರಡೂ ಎದುರಾಗಿದ್ದರೆ ಗೆಲ್ಲುತ್ತಿದ್ದುದು ಯಾವುದು? ಎದುರಾಗಲಿಲ್ಲ. ವಾದಕ್ಕೆ ಅದೇ ಅನುಕೂಲ.

ಮೇಷ್ಟ್ರು ಯಮಾಟೊ ಪಕ್ಷ. 46 ಸೆಂಟಿಮೀಟರ್ ಬಾಯಿಯ ಒಂಬತ್ತು ಫಿರಂಗಿ, 1460 ಕಿಲೋ ತೂಕದ ಒಂದೊಂದು ಗುಂಡು, ಪಕ್ಕಕ್ಕೆ 410 ಮಿಲಿಮೀಟರ್ ಉಕ್ಕಿನ ಕವಚ. ಇಷ್ಟನ್ನು ಅವರು ಸಹಸ್ರನಾಮದಂತೆ ಹೇಳಿ ಮುಗಿಸುತ್ತಾರೆ. ವಿಮೆಯವರು ಅಲ್ಲಾಡುವುದಿಲ್ಲ. ಅಯೋವಾದ ಗುಂಡು 1225 ಕಿಲೋ, ಕವಚ 307 ಮಿಲಿಮೀಟರ್, ನಿಜ. ಆದರೆ ಆ ಕವಚವನ್ನು ಓರೆಯಾಗಿ ನಿಲ್ಲಿಸಿದೆ, ವೇಗ 27ಕ್ಕೆ ಎದುರಾಗಿ 33 ನಾಟ್, ಎಲ್ಲಕ್ಕಿಂತ ಮಿಗಿಲಾಗಿ ಕತ್ತಲಲ್ಲಿಯೂ ಹೊಗೆಯಲ್ಲಿಯೂ ಗುರಿ ಹಿಡಿಯುವ ರೇಡಾರ್. “ತೋಳ್ಬಲ ಧೃತರಾಷ್ಟ್ರನಿಗೂ ಇತ್ತು ಸ್ವಾಮಿ. ಅಪ್ಪಿ ಪುಡಿಮಾಡಿದ್ದು ಕಬ್ಬಿಣದ ಭೀಮನನ್ನು!” ಎನ್ನುತ್ತಾರೆ.

ಹಡಗು ಕಟ್ಟುವುದೆಂದರೆ ನಮ್ಮಂಥವರು ತಿಂಗಳ ಸಂಬಳದಲ್ಲಿ ಸಂಸಾರ ತೂಗಿಸಿದಂತೆಯೇ ಸರಿ. ಇರುವ ತೂಕವನ್ನು ಫಿರಂಗಿ, ಕವಚ, ವೇಗ ಮೂರಕ್ಕೂ ಹಂಚಬೇಕು. ಮಗಳ ಮದುವೆಗೆ ಹೆಚ್ಚು ಕೊಟ್ಟರೆ ಮಗನ ಓದಿಗೆ ಕಡಿಮೆ. ಕವಚವನ್ನು ಇಡೀ ಹಡಗಿಗೆ ತೆಳ್ಳಗೆ ಬಳಿದರೆ ಪ್ರಯೋಜನವಿಲ್ಲವೆಂದು ಕಂಡುಕೊಂಡ ಅಮೆರಿಕದವರು, ಮದ್ದಿನ ಕೋಣೆ, ಯಂತ್ರ, ಫಿರಂಗಿಗಳನ್ನು ದಪ್ಪ ಉಕ್ಕಿನೊಳಗಿಟ್ಟು ಉಳಿದುದನ್ನು ಹಾಗೆಯೇ ಬಿಟ್ಟರು. ಮನೆಗೆಲ್ಲ ಬೀಗ ಹಾಕುವ ಬದಲು ಒಡವೆಯನ್ನು ತಿಜೋರಿಯಲ್ಲಿಟ್ಟು ಬಾಗಿಲು ತೆರೆದು ಮಲಗಿದ ಹಾಗೆ. ಅಷ್ಟಾದರೂ ಪೂರ್ತಿ ಅಭಯವಿಲ್ಲ. ಶತ್ರು ತೀರ ಹತ್ತಿರವಿದ್ದರೆ ಗುಂಡು ಪಕ್ಕವನ್ನು ಸೀಳುತ್ತದೆ. ತೀರ ದೂರವಿದ್ದರೆ ಆಕಾಶಕ್ಕೇರಿ, ಮರದಿಂದ ತೆಂಗಿನಕಾಯಿ ಬಿದ್ದಂತೆ ನೆತ್ತಿಯ ಮೇಲೆ ಇಳಿಯುತ್ತದೆ. ನಡುವೆ ಎಲ್ಲಿಯೋ ಒಂದು ಕ್ಷೇಮದ ಪಟ್ಟಿ. ಆ ಪಟ್ಟಿ ಎಷ್ಟು ಮೈಲಿಯಿಂದ ಎಷ್ಟು ಮೈಲಿಯವರೆಗೆ ಎಂಬುದರಲ್ಲಿ ನನ್ನ ಗೆಳೆಯರ ಎಷ್ಟೋ ಭಾನುವಾರಗಳು ಕಳೆದಿವೆ.

ಇನ್ನು ಹಡಗಿನ ಗಾತ್ರ. ಪನಾಮಾ ಕಾಲುವೆಯ ಕಟ್ಟೆಬಾಗಿಲಿನ ಅಗಲ ಆಗ 110 ಅಡಿ. ಅಯೋವಾದ ಅಗಲ 108 ಅಡಿ ಚಿಲ್ಲರೆ. ಅಮೆರಿಕದವರು ಕಾಲುವೆ ದಾಟಲಾರದ ಹಡಗನ್ನು ಕಟ್ಟಲಾರರು, ಆದ್ದರಿಂದ ಅವರ ಫಿರಂಗಿಗೂ ಒಂದು ಮಿತಿ ಉಂಟೆಂದು ಲೆಕ್ಕ ಹಾಕಿಯೇ ಜಪಾನಿನವರು 46 ಸೆಂಟಿಮೀಟರಿಗೆ ಕೈಹಾಕಿದರು. ಗುಟ್ಟು ಹೊರಬೀಳದಂತೆ ಆ ಫಿರಂಗಿಯನ್ನು ಕಾಗದಪತ್ರಗಳಲ್ಲಿ 40 ಸೆಂಟಿಮೀಟರಿನದೆಂದೇ ಬರೆದರು. ಯಮಾಟೊವಿನ ಜೋಡಿ ಮುಸಾಶಿಯನ್ನು ನಾಗಸಾಕಿಯಲ್ಲಿ ಕಟ್ಟುವಾಗ ಸುತ್ತಲೂ ನಾರಿನ ಹಗ್ಗದ ಪರದೆ ಇಳಿಬಿಟ್ಟರು. ಬೆಟ್ಟದಂಥ ಹಡಗಿಗೆ ಗೋಷಾ!

ವಾಷಿಂಗ್ಟನ್ನಿನ ನೌಕಾಂಗಣದಲ್ಲಿ ನಿಂತಿರುವ ಒಂದು ಉಕ್ಕಿನ ಹಲಗೆ ಈ ವಾದದ ಮುಖ್ಯ ಸಾಕ್ಷಿ. ಶಿನಾನೊ ಎಂಬುದು ಯಮಾಟೊವಿನ ಇನ್ನೊಂದು ಜೋಡಿಯಾಗಬೇಕಿದ್ದ ಹಡಗು. ಕಟ್ಟುವ ನಡುವೆಯೇ ಅದನ್ನು ವಿಮಾನವಾಹಕವಾಗಿ ಮಾರ್ಪಡಿಸಿದ್ದರಿಂದ ಅದರ ಫಿರಂಗಿಗೋಪುರದ ಹಲಗೆಗಳು ಹಾಗೆಯೇ ಉಳಿದುಬಿಟ್ಟವು. ಅವುಗಳ ದಪ್ಪ 66 ಸೆಂಟಿಮೀಟರ್. ಅಮೆರಿಕದವರು ಅವನ್ನು ಕೊಂಡೊಯ್ದು 1946ರಲ್ಲಿ 16 ಅಂಗುಲದ ಫಿರಂಗಿಯಿಂದ ಹೊಡೆದು ನೋಡಿದರು. ಒಂದರಲ್ಲಿ ಗುಂಡು ತೂರಿಹೋಯಿತು. “ಕಂಡಿರಾ ತೂತು!” ಎಂದು ವಿಮೆಯವರು. “ಫಿರಂಗಿಯ ಮುಂದೆಯೇ ನೆಟ್ಟಗೆ ನಿಲ್ಲಿಸಿ ಹೊಡೆದರೆ ತೂತಾಗದೆ ಏನಾಗುತ್ತದೆ? ಗೋಪುರದಲ್ಲಿ ಅದು ಓರೆಯಾಗಿರುತ್ತಿತ್ತು” ಎಂದು ಮೇಷ್ಟ್ರು. ಒಂದೇ ತೂತು ಇಬ್ಬರ ಪರವಾಗಿಯೂ ಸಾಕ್ಷಿ ಹೇಳುತ್ತದೆ.

ನಡೆದ ಕಾಳಗಗಳಿಗಾದರೋ ಇವರ ಲೆಕ್ಕದ ಮೇಲೆ ಗೌರವವೇ ಇರಲಿಲ್ಲ. ಯಮಾಟೊ ತನ್ನ ದೊಡ್ಡ ಫಿರಂಗಿಗಳನ್ನು ಶತ್ರುನೌಕೆಗಳ ಮೇಲೆ ಹಾರಿಸಿದ್ದು ಒಮ್ಮೆ ಮಾತ್ರ, 1944ರ ಅಕ್ಟೋಬರ್ 25ರಂದು, ಫಿಲಿಪೈನ್ಸಿನ ಸಮಾರ್ ದ್ವೀಪದ ಬಳಿ. ಎದುರಿಗಿದ್ದುವು ಸಣ್ಣ ವಿಮಾನವಾಹಕಗಳು, ಅವುಗಳ ಕಾವಲಿನ ಪುಟ್ಟ ಹಡಗುಗಳು. ಆ ಪುಟ್ಟ ಹಡಗುಗಳು ಬಿಟ್ಟ ಟಾರ್ಪೆಡೊಗಳಿಗೆ ಬೆನ್ನು ತಿರುಗಿಸಿ ಮಹಾನೌಕೆ ಹತ್ತು ನಿಮಿಷ ಉತ್ತರಕ್ಕೆ ಓಡಿತು. 1945ರ ಏಪ್ರಿಲ್ 7ರಂದು ವಿಮಾನಗಳು ಅದನ್ನು ಮುಳುಗಿಸಿದುವು. ಜರ್ಮನಿಯ ಬಿಸ್ಮಾರ್ಕಿನ ಚುಕ್ಕಾಣಿಯನ್ನು ಕೆಡಿಸಿದ್ದು ಬಟ್ಟೆ ಹೊದಿಸಿದ ಎರಡು ರೆಕ್ಕೆಯ ಹಳೆಯ ಮಾದರಿಯ ವಿಮಾನ. ಕರ್ಣನ ಗಾಲಿಯ ಕಥೆಯೇ. ಮಾರನೆಯ ದಿನ, 1941ರ ಮೇ 27ರಂದು, ಅದೂ ಮುಗಿಯಿತು.

ಅದಕ್ಕೆ ಮೂರು ದಿನ ಮೊದಲು ಅದೇ ಬಿಸ್ಮಾರ್ಕ್, ಬ್ರಿಟಿಷರ ಹೆಮ್ಮೆಯ ಹುಡ್ ಹಡಗನ್ನು ಮೂರು ನಿಮಿಷದಲ್ಲಿ ಮುಳುಗಿಸಿತ್ತು. ಗುಂಡು ನೆತ್ತಿಯಿಂದ ಇಳಿಯಿತೆ, ಪಕ್ಕದಿಂದ ನುಗ್ಗಿತೆ? ಆ ವರ್ಷವೇ ಎರಡು ವಿಚಾರಣೆ ನಡೆದರೂ ವಾದ ಮುಗಿದಿಲ್ಲ. ಹೋದ ಚಳಿಗಾಲದ ಒಂದು ಸಂಜೆ ವಿಮೆಯವರ ಮನೆಯ ಜಗಲಿಯಲ್ಲಿ ಇದೇ ಪ್ರಸಂಗ. ಮೇಷ್ಟ್ರು ಮದುವೆಯ ಕರೆಯೋಲೆಯೊಂದರ ಬೆನ್ನಿಗೆ ಹುಡ್ ಹಡಗನ್ನು ಅಡ್ಡಲಾಗಿ ಸೀಳಿ ಬರೆದು, ಗುಂಡಿನ ದಾರಿಯನ್ನು ಚುಕ್ಕೆಚುಕ್ಕೆಯಾಗಿ ಮದ್ದಿನ ಕೋಣೆಯವರೆಗೆ ತಂದಿದ್ದರು. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತ ಕುಳಿತಿದ್ದ ವಿಮೆಯವರ ತಾಯಿ ಕೇಳಿದರು: “ಅದರೊಳಗೆ ಜನ ಎಷ್ಟಿದ್ದರಪ್ಪ?”

“1418 ಅಮ್ಮ.”

“ಉಳಿದೋರು?”

“ಮೂರು ಜನ.”

“ಹುಡುಗರೇನೋ ಎಲ್ಲ?”

“ಹದಿನೇಳು ತುಂಬದವರೂ ಇದ್ದರು. ಉಳಿದ ಮೂವರಲ್ಲಿ ಒಬ್ಬನಿಗೆ ಹದಿನೆಂಟು.”

ಆಕೆ ಮತ್ತೇನೂ ಕೇಳಲಿಲ್ಲ. ಮೊರವನ್ನು ಒಮ್ಮೆ ಕೇರಿ ಒಳಗೆ ಹೋದರು. ಮೇಷ್ಟ್ರ ಪೆನ್ಸಿಲು ಮಾತ್ರ ಚುಕ್ಕೆಯ ಕೊನೆಯಲ್ಲಿ ನಿಂತೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ವಿಮೆಯವರು, “ನಲವತ್ತು ವರ್ಷ ಮರಣದ ಕೋಷ್ಟಕ ನೋಡಿದವನು ನಾನು. ಅದರಲ್ಲಿ ಹೆಸರು ಬರೆದಿರುವುದಿಲ್ಲ. ಬರೆದಿದ್ದರೆ ಕೂಡುವುದಕ್ಕೆ ಕೈ ಬರುತ್ತಿರಲಿಲ್ಲ” ಎಂದರು.

ಇವರದು ಮುದುಕರ ಗೊಂಬೆಯಾಟ, ಸತ್ತವರ ಮೇಲಿನ ಜೂಜು ಎನ್ನುವವರುಂಟು. ನಮ್ಮ ಮನೆಯಲ್ಲಿಯೇ ಉಂಟು. ನಾನು ಒಪ್ಪುವುದಿಲ್ಲ. ಕೇಳಿದೊಡನೆ 1418 ಎನ್ನಬಲ್ಲವರು ಈ ಊರಿನಲ್ಲಿ ಎಷ್ಟು ಮಂದಿ? ಗುಂಡು ಯಾವ ಕೋಣೆಗೆ ಬಿತ್ತೆಂದು ಹುಡುಕಿದವನಿಗೆ ಆ ಕೋಣೆಯಲ್ಲಿ ಯಾರು ಕೆಲಸಕ್ಕಿದ್ದರೆಂಬುದೂ ಗೊತ್ತಾಗಿಯೇ ತೀರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ಹೇಳುವ ಬದಲು ಮಿಲಿಮೀಟರ್ ಹೇಳುತ್ತಾರೆ.

ಯಮಾಟೊ ಮತ್ತು ಅಯೋವಾ ಕೆಲವು ತಿಂಗಳಿಂದ ಲಂಗರು ಹಾಕಿ ನಿಂತಿವೆ. ಮೇಷ್ಟ್ರು ಹೊಸ ಪ್ರಶ್ನೆಯೊಂದನ್ನು ತಂದಿದ್ದಾರೆ. 1941ರಲ್ಲಿ ಹುಡ್ ಹಡಗನ್ನು ಬಿಚ್ಚಿ ಹೊಸದಾಗಿ ಕಟ್ಟುವ ಏರ್ಪಾಡಿತ್ತು. ಯುದ್ಧ ಬಂದು ಅದು ನಿಂತುಹೋಯಿತು. ಯುದ್ಧಕ್ಕೆ ಮೊದಲೇ ಆ ಕೆಲಸವಾಗಿ, ನೆತ್ತಿಗೆ ಇನ್ನಷ್ಟು ಉಕ್ಕು ಬಿದ್ದಿದ್ದರೆ ಎಷ್ಟು ಜನ ಉಳಿಯುತ್ತಿದ್ದರು? ಇದಕ್ಕೂ ವಿಮೆಯವರು ಎದುರುವಾದ ಹೂಡುವರೆಂದು ನಾನು ಕಾದೆ. ಅವರು ಕನ್ನಡಕ ಸರಿಪಡಿಸಿಕೊಂಡು, “ಎಷ್ಟು ಅಂಗುಲ ಸೇರಿಸೋಣ, ಹೇಳಿ” ಎಂದು ಪೆನ್ಸಿಲ್ ಕೈಗೆತ್ತಿಕೊಂಡರು.